ಮಣ್ಣಿನ ಇಂಗಾಲ ಮತ್ತು ಸಾರಜನಕ: ಭೂಬಳಕೆ ಹಾಗೂ ಉಳುಮೆಯ ಪ್ರಭಾವ

ಗಿಡಮರಗಳ ಬೇರು ತರಗುಗಳಿಂದಲೂ ಪ್ರಾಣಿಗಳ ಮತ್ತು ಸೂಕ್ಷ್ಮಜೀವಿಗಳ ಕಳೇಬರಗಳಿಂದಲೂ ಉತ್ಪನ್ನವಾಗಿ, ಅರೆಕೊಳೆತ ನಾರಿನಿಂದ ಹಿಡಿದು ಕಪ್ಪುಬಣ್ಣದ ಹ್ಯೂಮಸ್ಸಿನವರೆಗೆ ನಾನಾ ಅವಸ್ಥೆಗಳಲ್ಲಿ ಮಣ್ಣಿನ ಖನಿಜಕಣಗಳೊಡನೆ ಬೆರೆತಿರುವ ವಸ್ತುವಿಗೆ ಸಾವಯವ ಪದಾರ್ಥವೆಂದು ಹೆಸರು. ಇದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಇಂಗಾಲ. ಆ ಇಂಗಾಲದ ಪ್ರತಿ 10ರಿಂದ 12 ಭಾಗಕ್ಕೆ 1 ಭಾಗದಂತೆ ಸಾರಜನಕವೂ ಇದರಲ್ಲಿಯೇ ಅಡಗಿದೆ. ನೆಲವನ್ನು ಕಾಡಾಗಿ ಬಿಡುವುದು, ಗೋಮಾಳವಾಗಿ ಇಡುವುದು, ಉತ್ತು ಬಿತ್ತುವುದು, ತೋಟವನ್ನಾಗಿ ಮಾರ್ಪಡಿಸುವುದು, ಇವುಗಳಲ್ಲಿ ಯಾವುದನ್ನು ಮನುಷ್ಯನು ಮಾಡಿದರೂ ಈ ಎರಡು ಧಾತುಗಳ ಸಂಗ್ರಹ ಏರುವುದೋ ಇಳಿಯುವುದೋ ಆಗದೆ ಇರದು. ಸಂಗ್ರಹದ ಗಾತ್ರವೂ ಅಲ್ಪವಲ್ಲ: ಪ್ರಪಂಚದ ಮಣ್ಣುಗಳಲ್ಲಿ ಒಂದು ಮೀಟರ್ ಆಳದವರೆಗೆ ಇರುವ ಸಾವಯವ ಇಂಗಾಲ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಎಂದು ಅಂದಾಜು ಮಾಡಲಾಗಿದ್ದು, ಇದು ವಾಯುಮಂಡಲದಲ್ಲಿರುವ ಇಂಗಾಲದ ಒಂದೂವರೆ ಪಟ್ಟಿಗೂ ಮಿಗಿಲು. ವ್ಯವಸಾಯವು ಆರಂಭವಾದ ಸುಮಾರು 12,000 ವರ್ಷಗಳಿಂದೀಚೆಗೆ ಮಾನವನ ಭೂಬಳಕೆಯಿಂದ ಎರಡು ಮೀಟರ್ ಆಳದವರೆಗಿನ ಮಣ್ಣು ಕಳೆದುಕೊಂಡ ಇಂಗಾಲವು 13,300 ಕೋಟಿ ಟನ್ನಿನಷ್ಟಾಗುತ್ತದೆಂದು 2017ರಲ್ಲಿ ಪ್ರಕಟವಾದ ಒಂದು ಗಣನೆ ತಿಳಿಸುತ್ತದೆ.

ಇಂಗಾಲವನ್ನೂ ಸಾರಜನಕವನ್ನೂ ಒಂದೇ ಲೇಖನದಲ್ಲಿ ನಿರೂಪಿಸುವುದಕ್ಕೆ ಕಾರಣವಿದೆ. ಮಣ್ಣಿನೊಳಗೆ ಇವೆರಡೂ ಬೇರೆ ಬೇರೆ ಉಗ್ರಾಣಗಳಲ್ಲಿ ಇಟ್ಟ ಸರಕುಗಳಲ್ಲ. ಒಂದೇ ವಸ್ತುವಿನ ಎರಡು ಅಂಶಗಳು. ಮೇಲ್ಮಣ್ಣಿನ ಸಾರಜನಕದಲ್ಲಿ ನೂರಕ್ಕೆ 90ಕ್ಕೂ ಮಿಕ್ಕ ಭಾಗ ಸಾವಯವ ರೂಪದಲ್ಲಿದ್ದು, ಸೂಕ್ಷ್ಮಜೀವಿಗಳು ಆ ಪದಾರ್ಥವನ್ನು ಕೊಳೆಯಿಸಿ ಅಮೋನಿಯವನ್ನಾಗಿಯೂ ನೈಟ್ರೇಟನ್ನಾಗಿಯೂ ಬಿಡಿಸುವವರೆಗೆ ಬೆಳೆಗೆ ಅದು ದಕ್ಕುವುದಿಲ್ಲ. ಹಾಗೆ ಬಿಡಿಸುವಾಗ ಅದೇ ಜೀವಿಗಳು ತಮ್ಮ ಉಸಿರಾಟಕ್ಕೆಂದು ಇಂಗಾಲವನ್ನು ಸುಟ್ಟು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರಿಸುತ್ತವೆ. ಕೆಂಪು ಮಣ್ಣಿನ ಒಂದು ರಾಗಿ ಹೊಲವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಹೆಕ್ಟೇರಿನಲ್ಲಿ 15 ಸೆಂಟಿಮೀಟರ್ ಆಳದವರೆಗಿನ ಮಣ್ಣಿನ ತೂಕ ಸುಮಾರು 22 ಲಕ್ಷ ಕಿಲೋಗ್ರಾಂ. ಅದರಲ್ಲಿ ಶೇಕಡಾ ಅರ್ಧದಷ್ಟು ಇಂಗಾಲವಿದ್ದರೆ 11 ಟನ್ ಇಂಗಾಲವೂ, ಅದಕ್ಕೆ ಅನುಗುಣವಾಗಿ ಸುಮಾರು 1,100 ಕಿಲೋಗ್ರಾಂ ಸಾರಜನಕವೂ ಆಯಿತು. ವರ್ಷಕ್ಕೆ ಅದರಲ್ಲಿ ನೂರಕ್ಕೆ ಎರಡರಂತೆ ಹೀಗೆ ಕೊಳೆತು ಬಿಡುಗಡೆಯಾದರೆ, ಎಂದರೆ ಖನಿಜೀಕರಣ ಹೊಂದಿದರೆ, ಬೆಳೆಗೆ ಒದಗುವ ಸಾರಜನಕ 22 ಕಿಲೋಗ್ರಾಂ. ಅದರ ಜೊತೆಗೆ ಮಣ್ಣು ಬಿಟ್ಟುಕೊಟ್ಟ ಇಂಗಾಲ 220 ಕಿಲೋಗ್ರಾಂ. ಮಣ್ಣಿನಿಂದ ಬೆಳೆಯು ಪಡೆಯುವ ಪ್ರತಿ ಹಿಡಿ ಸಾರಜನಕವೂ ಹತ್ತು ಹಿಡಿ ಇಂಗಾಲದ ವೆಚ್ಚದಿಂದ ಬಂದದ್ದು. ಆ ಇಂಗಾಲವನ್ನು ಬೇರು, ಕೂಳೆ, ಗೊಬ್ಬರಗಳ ರೂಪದಲ್ಲಿ ಹಿಂದಿರುಗಿಸದಿದ್ದರೆ ಕರಗುತ್ತ ಹೋಗುವುದು ಮೂಲಧನವೇ.

ಪ್ರತಿಯಾಗಿ, ಸಾರಜನಕವಿಲ್ಲದೆ ಇಂಗಾಲವನ್ನು ಮಣ್ಣಿನಲ್ಲಿ ನಿಲ್ಲಿಸುವುದೂ ಅಸಾಧ್ಯ. ಒಣಹುಲ್ಲಿನಲ್ಲಿ ಒಂದು ಭಾಗ ಸಾರಜನಕಕ್ಕೆ 60ರಿಂದ 100 ಭಾಗದವರೆಗೂ ಇಂಗಾಲವಿರುತ್ತದೆ. ಅದನ್ನು ತಿಂದು ತಮ್ಮ ದೇಹವನ್ನು ಕಟ್ಟಿಕೊಳ್ಳುವ ಜೀವಾಣುಗಳಿಗಾದರೋ ಎಂಟು ಹತ್ತು ಭಾಗ ಇಂಗಾಲಕ್ಕೆ ಒಂದು ಭಾಗ ಸಾರಜನಕ ಬೇಕು. ಆದಕಾರಣ ಬರಿಯ ಹುಲ್ಲನ್ನು ನೆಲಕ್ಕೆ ಸೇರಿಸಿದಾಗ ಅವು ಮಣ್ಣಿನಲ್ಲಿದ್ದ ನೈಟ್ರೇಟನ್ನೂ ಕಬಳಿಸಿ, ಎಳೆಯ ಪೈರು ಕೆಲವು ವಾರ ಹಳದಿಯಾಗಿ ಸೊರಗುವಂತೆ ಮಾಡುತ್ತವೆ. ಹುಲ್ಲಿನ ಇಂಗಾಲದ ಬಹುಭಾಗ ಗಾಳಿಗೆ ಹೋಗುತ್ತದೆ. ಅಪ್ಸೆಣಬು, ಹೊಂಗೆ ಸೊಪ್ಪು, ಹುರುಳಿ, ಅಲಸಂದೆಗಳಂಥ ದ್ವಿದಳ ಸಸ್ಯಗಳಲ್ಲಿ ಒಂದು ಭಾಗ ಸಾರಜನಕಕ್ಕೆ ಇರುವ ಇಂಗಾಲದ ಪ್ರಮಾಣ 25ಕ್ಕಿಂತ ಕೆಳಗಿರುವುದರಿಂದ ಅವು ಬೇಗನೆ ಕೊಳೆತು ಸಾರಜನಕವನ್ನು ಬಿಟ್ಟುಕೊಡುತ್ತವೆ. ಹನ್ನೆರಡು ಟನ್ ಇಂಗಾಲವನ್ನು ಹ್ಯೂಮಸ್ಸಾಗಿ ಭೂಮಿಯಲ್ಲಿ ಕೂಡಿಡಬೇಕಾದರೆ ಒಂದು ಟನ್ನಿನಷ್ಟು ಸಾರಜನಕವನ್ನು ಎಲ್ಲಿಂದಲಾದರೂ ತಂದೊದಗಿಸಲೇಬೇಕೆಂಬ ಈ ಸರಳ ಲೆಕ್ಕವನ್ನು, ಮಣ್ಣಿನಲ್ಲಿ ಇಂಗಾಲವನ್ನು ಹುದುಗಿಸಿ ಹವಾಮಾನವನ್ನು ಸರಿಪಡಿಸುವೆವೆಂದು ಹೊರಟ ಈಚಿನ ಯೋಜನೆಗಳಲ್ಲಿ ಹಲವು ಮರೆತಿವೆ ಎಂದು ಹೇಳಬೇಕಾಗುತ್ತದೆ.

ಉಳುಮೆಯು ಈ ಸಂಗ್ರಹವನ್ನು ಹೇಗೆ ತಟ್ಟುತ್ತದೆ? ಉಳದೆ ಬಿಟ್ಟ ನೆಲದಲ್ಲಿ ಜೇಡಿಯ ಸೂಕ್ಷ್ಮಕಣಗಳು, ಶಿಲೀಂಧ್ರದ ಎಳೆಗಳು, ಸಣ್ಣ ಬೇರುಗಳು, ಎರೆಹುಳುವಿನ ಅಂಟು ಇವೆಲ್ಲ ಸೇರಿ ಮಣ್ಣನ್ನು ಸಣ್ಣ ಸಣ್ಣ ಹರಳುಗಳಾಗಿ ಕಟ್ಟಿರುತ್ತವೆ. ಆ ಹರಳುಗಳ ಒಳಗೆ ಸಿಕ್ಕಿಕೊಂಡ ಸಾವಯವ ಪದಾರ್ಥಕ್ಕೆ ಜೀವಾಣುಗಳಾಗಲಿ ಆಮ್ಲಜನಕವಾಗಲಿ ಸುಲಭವಾಗಿ ತಲುಪಲಾರವು. ನೇಗಿಲು ಈ ಹರಳುಗಳನ್ನು ಒಡೆದು, ಮರೆಯಲ್ಲಿದ್ದುದನ್ನು ಬಯಲಿಗೆ ತಂದು, ಗಾಳಿಯನ್ನು ಒಳಹೊಗಿಸಿ, ಮೇಲಿದ್ದ ಕೂಳೆಯನ್ನು ತೇವದ ಪದರಕ್ಕೆ ಇಳಿಸಿ, ನೆಲದ ಮೈಯನ್ನು ಬಿಸಿಲಿಗೆ ಒಡ್ಡುತ್ತದೆ. ಕೊಳೆಯುವಿಕೆಗೆ ಬೇಕಾದ ಅನುಕೂಲಗಳೆಲ್ಲ ಏಕಕಾಲಕ್ಕೆ ಕೂಡಿಬಂದಂತಾಗುತ್ತದೆ. ಇದರ ಮೇಲೆ ಋತುವಿನ ಪ್ರಭಾವವೂ ಉಂಟು. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿಯು 1958ರಲ್ಲಿ ನಿರೂಪಿಸಿದಂತೆ, ಬಿರುಬೇಸಗೆಯಲ್ಲಿ ಒಣಗಿ ಕಾದ ಮಣ್ಣು ಮೊದಲ ಮಳೆಗೆ ನೆನೆದೊಡನೆ ಜೀವಾಣುಗಳ ಚಟುವಟಿಕೆ ಒಮ್ಮೆಗೇ ಉಕ್ಕಿ, ಇಂಗಾಲದ ಡೈಆಕ್ಸೈಡೂ ನೈಟ್ರೇಟೂ ಹೇರಳವಾಗಿ ಬಿಡುಗಡೆಯಾಗುತ್ತವೆ. ಒಣಗಿರುವ ಅವಧಿ ದೀರ್ಘವಾದಷ್ಟೂ ಈ ಉಕ್ಕು ಹೆಚ್ಚು. ಮುಂಗಾರಿನ ಮೊದಲ ಹದಕ್ಕೇ ಉತ್ತು ಬಿತ್ತಬೇಕೆಂದು ನಮ್ಮ ರೈತರು ತವಕಪಡುವುದರಲ್ಲಿ ತೇವವನ್ನು ಹಿಡಿದುಕೊಳ್ಳುವ ಉದ್ದೇಶವೇ ಮುಖ್ಯವಾಗಿದ್ದರೂ, ಬೇಗ ಬಿತ್ತಿದ ಪೈರಿಗೆ ಈ ನೈಟ್ರೇಟಿನ ಪಾಲೂ ದೊರೆಯುತ್ತದೆ; ತಡವಾದರೆ ಅದು ನೀರಿನೊಡನೆ ಬೇರಿನ ಕೆಳಗೆ ಇಳಿದುಹೋಗುವುದೋ, ನೀರು ನಿಂತ ಕಡೆ ನೈಟ್ರಸ್ ಆಕ್ಸೈಡ್ ಮತ್ತು ಸಾರಜನಕದ ಅನಿಲಗಳಾಗಿ ಹಾರಿಹೋಗುವುದೋ ಆಗುತ್ತದೆ. ನೈಟ್ರಸ್ ಆಕ್ಸೈಡಿನ ತಾಪನಶಕ್ತಿ, ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿನ 270 ಪಟ್ಟಿಗೂ ಹೆಚ್ಚು.

ಆದರೆ ಎಲ್ಲ ದೋಷವನ್ನೂ ನೇಗಿಲಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕಾಡು ಹೊಲವಾದಾಗ ಉಳುಮೆಗಿಂತ ಮೊದಲೇ ಬೇರೊಂದು ಸಂಗತಿ ನಡೆದಿರುತ್ತದೆ: ವರ್ಷವಿಡೀ ಎಲೆಯುದುರಿಸಿ ಬೇರುಬಿಡುತ್ತಿದ್ದ ಸಸ್ಯರಾಶಿಯ ಸ್ಥಾನದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಬದುಕುವ, ಬದುಕಿನ ಕೊನೆಯಲ್ಲಿ ಕಾಳನ್ನೂ ಹುಲ್ಲನ್ನೂ ಕಣಕ್ಕೆ ಒಪ್ಪಿಸುವ ಪೈರು ಬಂದು ನಿಲ್ಲುತ್ತದೆ. ಆದಾಯ ಕುಗ್ಗಿ ವೆಚ್ಚ ಹೆಚ್ಚಿದ ಮನೆಯಂತೆ ಮಣ್ಣು ಬಡವಾಗುತ್ತದೆ. ಗುವೊ ಮತ್ತು ಗಿಫರ್ಡ್ ಎಂಬ ಇಬ್ಬರು ಸಂಶೋಧಕರು 74 ಪ್ರಕಟಣೆಗಳ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ತೋರಿಸಿದ ಸರಾಸರಿಗಳು ಇಲ್ಲಿ ಸ್ಮರಣೀಯ: ನೈಸರ್ಗಿಕ ಅರಣ್ಯವನ್ನು ಹೊಲ ಮಾಡಿದಾಗ ಮಣ್ಣಿನ ಇಂಗಾಲ ನೂರಕ್ಕೆ 42ರಷ್ಟೂ, ಹುಲ್ಲುಗಾವಲನ್ನು ಹೊಲ ಮಾಡಿದಾಗ 59ರಷ್ಟೂ ಇಳಿಯಿತು, ಹೊಲವನ್ನು ಮತ್ತೆ ಹುಲ್ಲಿಗೆ ಬಿಟ್ಟಾಗ 19ರಷ್ಟೂ, ಸಹಜವಾಗಿ ಮರಳಿ ಕಾಡಾಗಲು ಬಿಟ್ಟಾಗ 53ರಷ್ಟೂ ಏರಿತು. ಅರಣ್ಯವನ್ನು ಹುಲ್ಲುಗಾವಲಾಗಿ ಪರಿವರ್ತಿಸಿದ ಕಡೆ ಇಂಗಾಲ ಕುಗ್ಗದೆ ನೂರಕ್ಕೆ 8ರಷ್ಟು ಹೆಚ್ಚಿತೆಂಬುದು, ಮರವೊಂದೇ ಮಣ್ಣಿನ ರಕ್ಷಕವೆಂದು ನಂಬಿದವರಿಗೆ ಆಶ್ಚರ್ಯವೆನಿಸಬಹುದು. ಮಣ್ಣಿಗೆ ಇಂಗಾಲವನ್ನು ತುಂಬುವುದರಲ್ಲಿ ಹುಲ್ಲಿನ ಬೇರು ಅಷ್ಟು ಸಮರ್ಥವಾದುದು. ಬೇಸಾಯಕ್ಕೆ ತೆರೆದ ನೆಲದಲ್ಲಿ ನಷ್ಟವು ಮೊದಲ ಕೆಲವು ದಶಕಗಳಲ್ಲಿ ಬಹು ವೇಗವಾಗಿ ನಡೆದು, ಆ ಬಳಿಕ ನಿಧಾನವಾಗಿ ಒಂದು ಕೆಳಮಟ್ಟದ ಸಮಸ್ಥಿತಿಯಲ್ಲಿ ನಿಲ್ಲುತ್ತದೆ. ಏರಿಕೆಯಾದರೋ ಇಳಿಕೆಗಿಂತ ಬಹು ಮಂದಗತಿಯದು.

ಹುಲ್ಲುಗಾವಲನ್ನು ಉತ್ತದ್ದರ ಪರಿಣಾಮವನ್ನು ಇಪ್ಪತ್ತನೆಯ ಶತಮಾನವು ಎರಡು ಬಾರಿ ಬೃಹತ್ಪ್ರಮಾಣದಲ್ಲಿ ಕಂಡಿತು. ಅಮೆರಿಕದ ಮಹಾಬಯಲುಗಳಲ್ಲಿ ಶತಶತಮಾನಗಳಿಂದ ಕೂಡಿಬಂದಿದ್ದ ಹುಲ್ಲುನೆಲವನ್ನು ಗೋಧಿಗಾಗಿ ಮಗುಚಿದ ಮೇಲೆ 1930ರ ದಶಕದ ಬರಗಾಲಗಳಲ್ಲಿ ಮೇಲ್ಮಣ್ಣು ಧೂಳಾಗಿ ಎದ್ದು ಆಕಾಶವನ್ನು ಕವಿಯಿತು. ಆ ದೇಶದ ಮಣ್ಣುಸಂರಕ್ಷಣೆಯ ಶಾಸನ 1935ರಲ್ಲಿ ಬಂದದ್ದು ಈ ಅನುಭವದಿಂದ. ಸೋವಿಯತ್ ಒಕ್ಕೂಟದಲ್ಲಿ 1954ರಲ್ಲಿ ಆರಂಭವಾದ ಬೀಳುಭೂಮಿಯ ಆಂದೋಲನವು ಕಜಕಿಸ್ತಾನ ಮತ್ತು ಸೈಬೀರಿಯದ ಸ್ಟೆಪ್ಪಿಯಲ್ಲಿ ಕೆಲವೇ ವರ್ಷಗಳಲ್ಲಿ ನಾಲ್ಕು ಕೋಟಿ ಹೆಕ್ಟೇರಿನಷ್ಟು ನೆಲವನ್ನು ಉತ್ತು ತೆರೆಯಿತು. ಆರಂಭದ ಫಸಲುಗಳು ಹುಲುಸಾಗಿ ಬಂದುವು. ಅವು ಹಳೆಯ ಹ್ಯೂಮಸ್ಸು ಕರಗಿ ಕೊಟ್ಟ ಸಾರಜನಕದ ಫಸಲುಗಳು. 1960ರ ದಶಕದ ಆದಿಯಲ್ಲಿ ಅಲ್ಲಿಯೂ ಧೂಳಿನ ಬಿರುಗಾಳಿಗಳೆದ್ದ ಮೇಲೆ, ಶೊರ್ತಾಂದಿಯ ಸಂಶೋಧನಾಲಯದ ಬರಾಯೆವ್ ಮಣ್ಣನ್ನು ಮಗುಚದೆ ಕೂಳೆಯನ್ನು ಮೇಲೆಯೇ ಉಳಿಸುವ ಉಳುಮೆಯನ್ನು ಬಳಕೆಗೆ ತಂದನು.

ಇಂಥ ವಿಷಯಗಳಲ್ಲಿ ನಂಬಲರ್ಹವಾದ ಸಾಕ್ಷ್ಯವನ್ನು ಕೊಡುವುದು ದೀರ್ಘಕಾಲದ ಪ್ರಯೋಗಕ್ಷೇತ್ರಗಳು. ಅವುಗಳಲ್ಲಿ ಅತ್ಯಂತ ಪ್ರಾಚೀನವಾದುದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿಜ್ಞಾನಿಗಳು 1843ರಲ್ಲಿ ಆರಂಭಿಸಿದ ಬ್ರಾಡ್‌ಬಾಕ್ ಗೋಧಿ ಹೊಲ. ಅಲ್ಲಿ ಪ್ರತಿವರ್ಷವೂ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರವನ್ನು ಪಡೆದ ತಾಕಿನಲ್ಲಿ ಇಂಗಾಲವು ಇಮ್ಮಡಿಗಿಂತ ಹೆಚ್ಚಾಗಿದೆ. ಗೊಬ್ಬರ ಕಾಣದ ತಾಕು ತನ್ನ ಕೆಳಮಟ್ಟದಲ್ಲಿಯೇ ನಿಂತಿದೆ. ಎರಡೂ ಒಂದೇ ಬಗೆಯಲ್ಲಿ ಉಳಲ್ಪಟ್ಟಂಥವು. ಇದೇ ಹೊಲದ ಒಂದು ತುದಿಯನ್ನು 1882ರಲ್ಲಿ ಕೊಯ್ಯದೆ, ಬೇಲಿಕಟ್ಟಿ ಬಿಟ್ಟರು. ಗೋಧಿ ನಾಲ್ಕಾರು ವರ್ಷಗಳಲ್ಲಿ ಕಳೆಗೆ ಸೋತು ಮಾಯವಾಯಿತು. ಕಳೆಯ ಜಾಗದಲ್ಲಿ ಪೊದೆಯೂ ಪೊದೆಯ ಜಾಗದಲ್ಲಿ ಮರವೂ ಬಂದುವು. ನೂರಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಆ ಮಣ್ಣು ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ ಅರ್ಧ ಟನ್ನಿಗಿಂತ ತುಸು ಹೆಚ್ಚು ಇಂಗಾಲವನ್ನೂ, ಅದರ ಜೊತೆಜೊತೆಯಾಗಿಯೇ ಸುಮಾರು 37 ಕಿಲೋಗ್ರಾಂ ಸಾರಜನಕವನ್ನೂ ಕೂಡಿಸಿಕೊಂಡಿದೆ. ಹತ್ತಿರದ ಹೂಸ್‌ಫೀಲ್ಡ್ ಬಾರ್ಲಿ ಹೊಲದಲ್ಲಿ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಹಾಕಿ ನಿಲ್ಲಿಸಿದ ಒಂದು ತಾಕಿದ್ದು, ಶತಮಾನ ಕಳೆದ ಮೇಲೂ ಅಲ್ಲಿನ ಇಂಗಾಲ, ಸಾರಜನಕಗಳು ಎಂದೂ ಗೊಬ್ಬರ ಕಾಣದ ಪಕ್ಕದ ತಾಕಿಗಿಂತ ಮೇಲಾಗಿವೆ. ಅಜ್ಜನು ಹಾಕಿದ ಗೊಬ್ಬರವನ್ನು ಮರಿಮಗನು ಉಣ್ಣುವನೆಂಬುದಕ್ಕೆ ಇದಕ್ಕಿಂತ ಖಚಿತವಾದ ನಿದರ್ಶನವನ್ನು ನಾನು ಕಾಣೆ.

ಉಳದೆ ಬಿತ್ತುವ ಪದ್ಧತಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯಕ, ಏಕೆಂದರೆ ಈ ಬಗ್ಗೆ ಅತಿಶಯೋಕ್ತಿ ಹೆಚ್ಚಾಗಿ ಹಬ್ಬಿದೆ. ಮಣ್ಣನ್ನು ಮಗುಚುವ ನೇಗಿಲನ್ನು ಪ್ರಶ್ನಿಸಿ ಎಡ್ವರ್ಡ್ ಫಾಕ್ನರ್ ಬರೆದ ಗ್ರಂಥ 1943ರಲ್ಲಿ ಹೊರಬಂದು ವಾದವನ್ನೆಬ್ಬಿಸಿತು. ಕಳೆಯನ್ನು ರಾಸಾಯನಿಕದಿಂದ ಕೊಲ್ಲುವುದು ಸಾಧ್ಯವಾದ ಬಳಿಕ 1962ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಹ್ಯಾರಿ ಯಂಗ್ ಎಂಬ ರೈತನೂ, 1972ರಲ್ಲಿ ಬ್ರೆಜಿಲಿನ ಪರಾನಾದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬವನೂ ಉಳದೆ ಬೆಳೆ ತೆಗೆದರು. ಕೊಚ್ಚಣೆ ತಗ್ಗಿತು, ತೇವ ಉಳಿಯಿತು, ಇಂಧನದ ಖರ್ಚು ಇಳಿಯಿತು, ಪದ್ಧತಿ ಕೋಟ್ಯಂತರ ಹೆಕ್ಟೇರಿಗೆ ಹಬ್ಬಿತು. ಇವು ನಿಜವಾದ ಲಾಭಗಳು. 67 ದೀರ್ಘಪ್ರಯೋಗಗಳನ್ನು ಪರಿಶೀಲಿಸಿದ ವೆಸ್ಟ್ ಮತ್ತು ಪೋಸ್ಟ್ ಎಂಬವರು 2002ರಲ್ಲಿ, ಉಳುಮೆಯನ್ನು ಬಿಟ್ಟ ಹೊಲಗಳು ವರ್ಷಕ್ಕೆ ಹೆಕ್ಟೇರಿಗೆ ಅರ್ಧ ಟನ್ನಿಗೂ ಮೀರಿ ಇಂಗಾಲವನ್ನು ಗಳಿಸುತ್ತವೆಂದು ತೀರ್ಮಾನಿಸಿದಾಗ, ಹವಾಮಾನದ ಸಮಸ್ಯೆಗೆ ಸುಲಭವಾದ ಪರಿಹಾರ ಸಿಕ್ಕಿತೆಂಬ ಭಾವನೆ ಮೂಡಿದ್ದು ಸಹಜ. ಆದರೆ ಹೆಚ್ಚಿನ ಪ್ರಯೋಗಗಳಲ್ಲಿ ಮಣ್ಣಿನ ಮಾದರಿಯನ್ನು ತೆಗೆದದ್ದು 30 ಸೆಂಟಿಮೀಟರಿನೊಳಗೆ ಮಾತ್ರ. ಒಂದು ಮೀಟರ್ ಆಳದವರೆಗಿನ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ 20 ಸೆಂಟಿಮೀಟರಿನ ಕೆಳಗಿರುವಾಗ, ಮೇಲಿನ ಪದರವನ್ನಷ್ಟೇ ಅಳೆದು ತೀರ್ಪುಕೊಡುವುದು ಪೆಟ್ಟಿಗೆಯ ಮೇಲಿನ ಅರೆಯನ್ನು ನೋಡಿ ಆಸ್ತಿಯನ್ನು ಎಣಿಸಿದಂತೆ. 69 ಜೋಡಿ ಪ್ರಯೋಗಗಳ ಒಂದು ಸಮೀಕ್ಷೆ 2010ರಲ್ಲಿ ಪ್ರಕಟವಾದಾಗ ಕಂಡುಬಂದದ್ದಿಷ್ಟು: ಉಳದ ನೆಲದಲ್ಲಿ ಮೇಲಿನ 10 ಸೆಂಟಿಮೀಟರಿನಲ್ಲಿ ಹೆಕ್ಟೇರಿಗೆ ಸುಮಾರು 3.15 ಟನ್ ಇಂಗಾಲ ಹೆಚ್ಚಾಗಿದ್ದರೆ, 20ರಿಂದ 40 ಸೆಂಟಿಮೀಟರಿನ ನಡುವೆ ಸುಮಾರು 3.30 ಟನ್ ಕಡಿಮೆಯಾಗಿತ್ತು. ನೇಗಿಲು ಕೂಳೆಯನ್ನು ಆಳಕ್ಕೆ ಹೂಳುತ್ತಿತ್ತು. ಅದು ನಿಂತ ಮೇಲೆ ಇಂಗಾಲ ಮೇಲೆಯೇ ಉಳಿಯಿತು. ಒಟ್ಟು ಮೊತ್ತದಲ್ಲಿ ಅಂಥ ವ್ಯತ್ಯಾಸವಾಗಲಿಲ್ಲ. ಉತ್ತ ಮಣ್ಣು ಸಡಿಲವಾಗಿಯೂ ಉಳದ ಮಣ್ಣು ಬಿಗಿಯಾಗಿಯೂ ಇರುವುದರಿಂದ ಒಂದೇ ಆಳದ ಮಾದರಿಗಳಲ್ಲಿ ಒಂದೇ ತೂಕದ ಮಣ್ಣಿರುವುದಿಲ್ಲವೆಂಬ ಸೂಕ್ಷ್ಮವೂ ಹಳೆಯ ಅಳತೆಗಳನ್ನು ಕೆಡಿಸಿತ್ತು. ಸಾರಜನಕದ ಹಂಚಿಕೆಯೂ ಇಂಗಾಲವನ್ನೇ ಅನುಸರಿಸುತ್ತದೆ: ಉಳದ ನೆಲದಲ್ಲಿ ಅದು ಮೇಲ್ಪದರದಲ್ಲಿ ಕೂಡಿಕೊಂಡು, ಮೊದಲ ಕೆಲವು ವರ್ಷ ಬೆಳೆಗೆ ನಿಧಾನವಾಗಿ ಒದಗುವುದರಿಂದ ಗೊಬ್ಬರವನ್ನು ಹೆಚ್ಚಿಸಬೇಕಾಗುತ್ತದೆ, ತೇವ ಹಿಡಿದ ಜೇಡಿನೆಲಗಳಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚುವ ಸಂಭವವೂ ಉಂಟು. ಇಳುವರಿಯ ವಿಷಯದಲ್ಲಿ, 610 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2015ರ ಸಮೀಕ್ಷೆಯೊಂದು ಉಳದ ಬೇಸಾಯದಲ್ಲಿ ಸರಾಸರಿ ನೂರಕ್ಕೆ 5.7ರಷ್ಟು ಇಳಿಕೆಯನ್ನೂ, ಮಳೆಯಾಶ್ರಿತ ಒಣಸೀಮೆಯಲ್ಲಿ ಕೂಳೆಯ ಹೊದಿಕೆ ಮತ್ತು ಬೆಳೆ ಪರಿವರ್ತನೆ ಇವೆರಡೂ ಜೊತೆಗಿದ್ದರೆ 7.3ರಷ್ಟು ಏರಿಕೆಯನ್ನೂ ತೋರಿಸಿತು. ಹೊದಿಕೆ ಇದ್ದರೆ ಎಂಬ ಈ ಷರತ್ತಿನಲ್ಲಿಯೇ ನಮ್ಮ ದೇಶದ ತೊಡಕೆಲ್ಲ ಅಡಗಿದೆ.

ಭಾರತದ ಮಣ್ಣುಗಳ ಸಾವಯವ ಸಂಪತ್ತನ್ನು ಹವಾಗುಣ ಮತ್ತು ಬೇಸಾಯಗಳ ದೃಷ್ಟಿಯಿಂದ ವ್ಯಾಪಕವಾಗಿ ಪರೀಕ್ಷಿಸಿದವರು ಹ್ಯಾನ್ಸ್ ಜೆನ್ನಿ ಮತ್ತು ಎಸ್. ಪಿ. ರಾಯಚೌಧುರಿ, ಅವರ ವರದಿ 1960ರಲ್ಲಿ ಪ್ರಕಟವಾಯಿತು. ಉಷ್ಣತೆ ಏರಿದಂತೆ ಮಣ್ಣಿನ ಸಾರಜನಕ ಇಳಿಯುತ್ತದೆ, ಮಳೆ ಹೆಚ್ಚಿದಂತೆ ಏರುತ್ತದೆ, ಉತ್ತ ನೆಲ ಪಕ್ಕದ ಉಳದ ನೆಲಕ್ಕಿಂತ ಎಲ್ಲೆಡೆಯೂ ಬಡವಾಗಿರುತ್ತದೆ ಎಂಬ ಸಾಮಾನ್ಯ ನಿಯಮಗಳು ಅದರಿಂದ ಸ್ಪಷ್ಟವಾದುವು. ಅದಕ್ಕೂ ಬಹಳ ಮೊದಲೇ, 1893ರ ತನ್ನ ವರದಿಯಲ್ಲಿ ವೋಲ್ಕರ್ ಎಂಬ ಕೃಷಿರಸಾಯನಜ್ಞನು ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕುವುದು ಇಲ್ಲಿನ ರೈತನ ಅಜ್ಞಾನದಿಂದಲ್ಲ, ಸೌದೆಯ ಅಭಾವದಿಂದ ಎಂದು ಕಂಡುಕೊಂಡು, ಊರೂರಿಗೆ ಸೌದೆ ಮೇವುಗಳ ತೋಪುಗಳನ್ನು ಬೆಳಸಬೇಕೆಂದು ಸೂಚಿಸಿದ್ದನು. ಉರಿದ ಬೆರಣಿಯ ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ. ಇಂಗಾಲ ಸಾರಜನಕಗಳು ಹೊಗೆಯೊಡನೆ ಹೋಗುತ್ತವೆ. ಘಟ್ಟದ ಕುಮರಿ ಬೇಸಾಯದಲ್ಲಿ ಕಾಡನ್ನು ಕಡಿದು ಸುಟ್ಟಾಗಲೂ ಆಗುತ್ತಿದ್ದುದು ಇದೇ, ಆದರೆ ಅಲ್ಲಿ ದೀರ್ಘವಾದ ಬೀಳು ಆ ನಷ್ಟವನ್ನು ತುಂಬಿಕೊಡುತ್ತಿತ್ತು.

ಕರ್ನಾಟಕದ ಮುಖ್ಯ ಮಣ್ಣುಗಳು ಈ ವಿಷಯದಲ್ಲಿ ಒಂದೊಂದು ಬಗೆಯಾಗಿ ವರ್ತಿಸುತ್ತವೆ. ಬಯಲುಸೀಮೆಯ ಎರೆಭೂಮಿಯ ಜೇಡಿಯು ಇಂಗಾಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳಬಲ್ಲುದು. ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬಿ ತನ್ನನ್ನು ತಾನೇ ಕದಡಿಕೊಳ್ಳುವ ಈ ನೆಲವನ್ನು ಹಿಂದಿನ ರೈತರು ಪ್ರತಿವರ್ಷ ಉಳುತ್ತಿರಲಿಲ್ಲ. ಕರಿಕೆ ಮುಂತಾದ ಬೇರುಕಳೆ ಹೆಚ್ಚಿದಾಗ ಕೆಲವು ವರ್ಷಗಳಿಗೊಮ್ಮೆ ರಂಟೆ ಹೊಡೆದು, ಉಳಿದ ವರ್ಷಗಳಲ್ಲಿ ಕುಂಟೆಯಿಂದ ಮೇಲೆ ಮೇಲೆ ಹರಗುತ್ತಿದ್ದರು. ಈಗಿನ ವಿಜ್ಞಾನವು ಮಿತವಾದ ಉಳುಮೆಯೆಂದು ಕರೆಯುವುದರ ಹಳೆಯ ರೂಪವೇ ಇದು. ಆದರೆ ವಿಜಯಪುರ, ಕಲಬುರಗಿಗಳ ಕಡೆ ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು ಹಿಂಗಾರಿಗೆ ಬಿಳಿಜೋಳ ಬಿತ್ತುವ ರೂಢಿಯಿಂದ, ಮಳೆಗಾಲದ ಅಷ್ಟೂ ತೇವ ಮತ್ತು ಬಿಸಿಯಲ್ಲಿ ಮಣ್ಣು ಇಂಗಾಲವನ್ನು ವ್ಯಯಮಾಡುತ್ತದೆಯೇ ಹೊರತು ಗಳಿಸುವುದಿಲ್ಲ. ಇಂಥದೇ ನೆಲದಲ್ಲಿ, ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯು 1976ರಿಂದ ಎರಡು ಪದ್ಧತಿಗಳನ್ನು ಹೋಲಿಸಿ ನೋಡಿತು. ಏರುಮಡಿ ಮಾಡಿ, ಮುಂಗಾರಿನಲ್ಲಿಯೇ ಜೋಳದ ನಡುವೆ ತೊಗರಿಯನ್ನು ಬಿತ್ತಿ, ಮಿತವಾಗಿ ಗೊಬ್ಬರ ಹಾಕಿದ ನೆಲದಲ್ಲಿ 24 ವರ್ಷಗಳ ಕೊನೆಗೆ 120 ಸೆಂಟಿಮೀಟರ್ ಆಳದವರೆಗೆ ಹೆಕ್ಟೇರಿಗೆ 46.8 ಟನ್ ಇಂಗಾಲವಿದ್ದರೆ, ರೂಢಿಯ ಪದ್ಧತಿಯ ನೆಲದಲ್ಲಿ 39.5 ಟನ್ ಇತ್ತು. ಸಾರಜನಕವೂ ಮೊದಲನೆಯದರಲ್ಲಿಯೇ ಹೆಚ್ಚು. ಆಳಕ್ಕಿಳಿಯುವ ಬೇರು, ಉದುರುವ ಎಲೆ, ಬೇರುಗಂಟಿನ ಸಾರಜನಕ ಈ ಮೂರನ್ನೂ ತೊಗರಿಯೇ ಒದಗಿಸುತ್ತದೆ. ಗಳಿಕೆಗೆ ಕಾರಣವಾದದ್ದು ಹೂಡಿದ ಉಪಕರಣಕ್ಕಿಂತ ಹೆಚ್ಚಾಗಿ ಬೆಳೆದ ಬೆಳೆ ಎಂಬುದನ್ನು ಗಮನಿಸತಕ್ಕದ್ದು.

ಕೆಂಪುಭೂಮಿಯ ಪಾಡು ಬೇರೆ. ಅದರ ಜೇಡಿ ದುರ್ಬಲವಾದುದು. ಮಳೆಹನಿ ಬಿದ್ದೊಡನೆ ಮೇಲ್ಮೈ ಹಪ್ಪಳಗಟ್ಟುತ್ತದೆ. ಹೊದಿಕೆಯಿಲ್ಲದೆ ಉಳದೆ ಬಿಟ್ಟರೆ ನೀರು ಇಂಗದೆ ಹರಿದು ಮಣ್ಣನ್ನೇ ಕೊಂಡೊಯ್ಯುತ್ತದೆ. ಹೊದಿಸೋಣವೆಂದರೆ ರಾಗಿಹುಲ್ಲು ದನಗಳ ವರ್ಷದ ಮೇವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಕೆಂಪುಭೂಮಿಯಲ್ಲಿ ರಾಗಿಯನ್ನೊಳಗೊಂಡು ದಶಕಗಳಿಂದ ನಡೆಸುತ್ತಿರುವ ಪ್ರಯೋಗಗಳು, ರಾಸಾಯನಿಕ ಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳೇ ಇಂಗಾಲದಲ್ಲಿಯೂ ಇಳುವರಿಯ ಸ್ಥಿರತೆಯಲ್ಲಿಯೂ ಮುಂದಿರುವುದನ್ನು ತೋರಿಸಿವೆ. ಸಾರಜನಕವೊಂದನ್ನೇ ಸುರಿದರೆ ಈ ಮಣ್ಣು ಹುಳಿಯಾಗಿ ಕೆಡುತ್ತದೆ. ಗೊಬ್ಬರವನ್ನು ಮಾಗಿಸುವಾಗಲೂ ನಷ್ಟವನ್ನು ತಡೆಯಬಹುದೆಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ಕಾಂಪೋಸ್ಟ್ ವಿಧಾನ ತೋರಿಸಿಕೊಟ್ಟಿತು: ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಪದರಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿ ಬಿಟ್ಟರೆ, ಆಗಾಗ ಮಗುಚುವ ವಿಧಾನಕ್ಕಿಂತ ಇಂಗಾಲವೂ ಸಾರಜನಕವೂ ಕಡಿಮೆ ನಷ್ಟವಾಗುತ್ತವೆ.

ಗದ್ದೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ನಿಂತ ನೀರು ಆಮ್ಲಜನಕವನ್ನು ತಡೆಯುವುದರಿಂದ ಕೆಸರು ತುಳಿದ ಮಣ್ಣಿನಲ್ಲಿ ಇಂಗಾಲ ನಿಧಾನವಾಗಿ ಕರಗುತ್ತದೆ, ಆದರೆ ಮೀಥೇನ್ ಅನಿಲ ಹೊರಡುತ್ತದೆ, ನೈಟ್ರೇಟು ಅನಿಲವಾಗಿ ನಷ್ಟವಾಗುತ್ತದೆ.

ಮಲೆನಾಡಿನ ಅಡಕೆ ತೋಟ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು. ಉಳುಮೆಯಿಲ್ಲ, ಮಣ್ಣು ಕಪ್ಪಾಗಿ ಮೃದುವಾಗಿರುತ್ತದೆ, ಇಂಗಾಲದ ದೃಷ್ಟಿಯಿಂದ ಅದು ಆದರ್ಶವೆಂದೇ ತೋರುತ್ತದೆ. ಆದರೆ ಆ ಸೊಂಪಿನ ಹಿಂದೆ ಸೊಪ್ಪಿನ ಬೆಟ್ಟವಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದ್ದು, ಅಲ್ಲಿನ ಸೊಪ್ಪು ದರಕುಗಳು ಕೊಟ್ಟಿಗೆಯ ಮೂಲಕ ಗೊಬ್ಬರವಾಗಿ ತೋಟಕ್ಕೆ ಸೇರುತ್ತವೆ. ತೋಟದ ಮಣ್ಣಿನಲ್ಲಿ ಅಳೆದ ಇಂಗಾಲದ ಒಂದು ಭಾಗ ಬೆಟ್ಟದಿಂದ ಇಳಿದು ಬಂದದ್ದು. ಬೆಟ್ಟ ಚಿಗುರುವ ವೇಗಕ್ಕಿಂತ ಹೆಚ್ಚಾಗಿ ಸೊಪ್ಪು ಕಡಿದ ಊರುಗಳಲ್ಲಿ ತೋಟ ಹಸುರಾಗಿಯೂ ಬೆಟ್ಟ ಬೋಳಾಗಿಯೂ ನಿಂತಿರುವುದನ್ನು ಯಾರಾದರೂ ನೋಡಬಹುದು. ಇಂಗಾಲವನ್ನು ಗಳಿಸುವುದು ಬೇರೆ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಬೇರೆ. ಒಂದೇ ತಾಕನ್ನು ಅಳೆಯುವ ಸಂಶೋಧಕನಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಈ ಸಾಗಾಟ ಈಚೆಗೆ ಇನ್ನೂ ದೂರಕ್ಕೆ ವಿಸ್ತರಿಸಿದೆ. ಬಯಲುಸೀಮೆಯಲ್ಲಿ ಟ್ರ್ಯಾಕ್ಟರು ಬಂದಂತೆ ಉಳುಮೆ ಆಳವಾಯಿತು, ವರ್ಷಕ್ಕೆ ಹೆಚ್ಚು ಬಾರಿಯೂ ಆಯಿತು. ಅದೇ ಕಾರಣದಿಂದ ಜೋಡೆತ್ತು ಕೊಟ್ಟಿಗೆಯಿಂದ ಹೊರಟುಹೋಗಿ, ತಿಪ್ಪೆಯೂ ಸಣ್ಣದಾಯಿತು. ಮಣ್ಣಿನ ವೆಚ್ಚ ಏರಿದ್ದೂ ಆದಾಯ ಇಳಿದದ್ದೂ ಒಂದೇ ಯಂತ್ರದ ಹಿಂದೆ ಬಂದುವು. ಹಿಂದೆ ಬೇಸಗೆಯಲ್ಲಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದ, ಕೆರೆ ಬತ್ತಿದಾಗ ಗೋಡು ಹೊಡೆಯುತ್ತಿದ್ದ ರೂಢಿಗಳೂ ಅನೇಕ ಊರುಗಳಲ್ಲಿ ವಿರಳವಾಗಿವೆ. ಉಳಿದ ತಿಪ್ಪೆಯ ಗೊಬ್ಬರವನ್ನು ಕಾಫಿ ತೋಟದವರೂ ಶುಂಠಿ ಬೆಳೆಯುವವರೂ ಬೆಲೆಕೊಟ್ಟು ಕೊಳ್ಳುತ್ತಾರೆ; ರಾಗಿಯ ಹೊಲದಲ್ಲಿ ಹುಟ್ಟಿ, ಹುಲ್ಲಾಗಿ ಮನೆಗೆ ಬಂದು, ದನದ ಹೊಟ್ಟೆಯನ್ನು ಹಾದು ಗೊಬ್ಬರವಾದ ಇಂಗಾಲ ಸಾರಜನಕಗಳು ಲಾರಿಯಲ್ಲಿ ಘಟ್ಟ ಹತ್ತಿ ಹೋಗುತ್ತವೆ, ಹೊಲಕ್ಕೆ ಯೂರಿಯದ ಚೀಲ ಬರುತ್ತದೆ; ಆ ಚೀಲದಲ್ಲಿ ಸಾರಜನಕವಿದೆ, ಹ್ಯೂಮಸ್ಸಾಗಬಲ್ಲ ಇಂಗಾಲವಿಲ್ಲ.